ಮೋಟಾರನ್ನು ದೂರುವ ಮೊದಲು ಐದು ವೋಲ್ಟಿನ ವೈರು ನೋಡಿ

ಸಾಗರ, ಸೊರಬದ ಗುಡಿಗಾರರ ಕೆತ್ತನೆಗೆ ಮೊದಲಿನಿಂದಲೂ ದೊಡ್ಡ ಹೆಸರು. ಈಗ ಆ ಕಡೆಯ ಬಡಗಿ ಶೆಡ್ಡುಗಳಲ್ಲಿ ಉಳಿ, ಕೊಡತಿಯ ಪಕ್ಕದಲ್ಲೇ ಕಂಪ್ಯೂಟರ್ ಹೇಳಿದ ಹಾಗೆ ಮರ ಕೆತ್ತುವ ಸಿಎನ್‌ಸಿ ರೌಟರ್ ಕೂಡ ನಿಂತಿರುತ್ತದೆ. ದೇವರ ಮನೆ ಬಾಗಿಲು, ಮಂಚದ ಹಲಗೆ, ಕಿಟಕಿಯ ಜಾಲಿ ಎಲ್ಲ ಅದರಲ್ಲೇ ಆಗುತ್ತಿದೆ. ಎಷ್ಟೋ ಜನ ಬರೀ ಫ್ರೇಮ್ ಮಾಡಿಸಿಕೊಂಡು ಕಂಪ್ಯೂಟರಿನ ಸಿಗ್ನಲ್ ಹಂಚುವ ಬ್ರೇಕ್‌ಔಟ್ ಬೋರ್ಡ್, ಮೋಟಾರನ್ನು ಹೆಜ್ಜೆ ಹೆಜ್ಜೆಯಾಗಿ ತಿರುಗಿಸುವ ಸ್ಟೆಪ್ಪರ್ ಡ್ರೈವರ್, ಪವರ್ ಕೊಡುವ ಎಸ್‌ಎಂಪಿಎಸ್ ತರಿಸಿ ತಾವೇ ಜೋಡಿಸುತ್ತಾರೆ. ಒಳ್ಳೆಯ ಕೆಲಸ. ಇಂಥ ಪ್ಯಾನೆಲ್ ಕಟ್ಟುವುದು, ಕೆಟ್ಟರೆ ಸರಿ ಮಾಡುವುದು ನನ್ನ ಕಸುಬು. ‘ಸಾರ್, ಮೋಟಾರು ಗುಂಯ್ ಅಂತದೆ, ತಿರುಗ್ತಾನೇ ಇಲ್ಲ, ಡ್ರೈವರ್ ಹೋಗಿರಬೇಕು’ ಅಂತ ಫೋನ್ ಬರುತ್ತದೆ. ಹೋಗಿ ನೋಡಿದರೆ ಬಹಳ ಸಲ ಮೋಟಾರೂ ಚೆನ್ನಾಗಿರುತ್ತದೆ, ಡ್ರೈವರೂ ಚೆನ್ನಾಗಿರುತ್ತದೆ. ತೊಂದರೆ ಇರುವುದು ಬೋರ್ಡಿನಿಂದ ಡ್ರೈವರ್‌ಗೆ ಹೋಗುವ ತೆಳು ವೈರುಗಳಲ್ಲಿ.

ಡಿಎಂ542, ಟಿಬಿ6600 ತರದ ಯಾವುದೇ ಡ್ರೈವರ್ ತೆಗೆದುಕೊಳ್ಳಿ. ಸಿಗ್ನಲ್ ಕಡೆ ಆರು ಟರ್ಮಿನಲ್ ಇರುತ್ತವೆ: ಪಲ್ಸ್, ಡೈರೆಕ್ಷನ್, ಎನೇಬಲ್, ಒಂದೊಂದಕ್ಕೂ ಒಂದು ಪ್ಲಸ್, ಒಂದು ಮೈನಸ್. ಪ್ರತಿ ಜೋಡಿಯ ಒಳಗೂ ಒಂದು ಆಪ್ಟೋಕಪ್ಲರ್ ಇದೆ. ಅಂದರೆ ಒಂದು ಪುಟ್ಟ ಎಲ್‌ಇಡಿ, ಅದರ ಎದುರಿಗೆ ಬೆಳಕು ಗುರುತಿಸುವ ಒಂದು ಟ್ರಾನ್ಸಿಸ್ಟರ್. ಹೊಳೆಯ ಆಚೆ ದಡದಲ್ಲಿ ನಿಂತು ಬ್ಯಾಟರಿ ಬಿಟ್ಟು ಸನ್ನೆ ಮಾಡಿದ ಹಾಗೆ, ಸುದ್ದಿ ದಾಟುತ್ತದೆ, ಕರೆಂಟ್ ದಾಟುವುದಿಲ್ಲ. ಆ ಎಲ್‌ಇಡಿ ಸರಿಯಾಗಿ ಹೊತ್ತಿಕೊಳ್ಳಲು ಡಿಎಂ542ರಲ್ಲಿ ಸುಮಾರು 10 ಮಿಲಿಆಂಪ್ ಬೇಕು. 7ಕ್ಕಿಂತ ಕಡಿಮೆಯಾದರೆ ನಂಬುವ ಹಾಗಿಲ್ಲ.

ಜೋಡಿಸಲು ಎರಡು ದಾರಿ ಇದೆ. ಮೂರೂ ಪ್ಲಸ್‌ಗಳನ್ನು ಸೇರಿಸಿ ಬೋರ್ಡಿನ 5 ವೋಲ್ಟಿಗೆ ಕೊಟ್ಟು, ಸಿಗ್ನಲ್‌ಗಳನ್ನು ಮೈನಸ್‌ಗೆ ತರುವುದು ಒಂದು. ಇದು ಕಾಮನ್ ಆನೋಡ್. ಮೂರೂ ಮೈನಸ್‌ಗಳನ್ನು ಬೋರ್ಡಿನ ಗ್ರೌಂಡಿಗೆ ಕೊಟ್ಟು, ಸಿಗ್ನಲ್‌ಗಳನ್ನು ಪ್ಲಸ್‌ಗೆ ತರುವುದು ಇನ್ನೊಂದು, ಕಾಮನ್ ಕ್ಯಾಥೋಡ್. ಯಾವುದು ಸರಿ ಅಂತ ಹೇಳಬೇಕಾದ್ದು ಡ್ರೈವರ್ ಅಲ್ಲ, ನಿಮ್ಮ ಬ್ರೇಕ್‌ಔಟ್ ಬೋರ್ಡು. ಕೆಲವು ಬೋರ್ಡಿನ ಔಟ್‌ಪುಟ್ ಕರೆಂಟನ್ನು ಒಳಗೆಳೆದುಕೊಳ್ಳಬಲ್ಲದು ಅಷ್ಟೆ, ಹೊರಗೆ ಕೊಡಲಾರದು. ಅಂಥದ್ದಕ್ಕೆ ಕಾಮನ್ ಕ್ಯಾಥೋಡ್ ಮಾಡಿದರೆ ಮೋಟಾರು ಬಿಗಿಯಾಗಿ ಹಿಡಿದುಕೊಂಡು ನಿಲ್ಲುತ್ತದೆಯೇ ಹೊರತು ಒಂದು ಹೆಜ್ಜೆಯೂ ಕದಲುವುದಿಲ್ಲ.

ಇದನ್ನು ಪತ್ತೆ ಮಾಡಲು ಆಸಿಲೋಸ್ಕೋಪ್ ಬೇಕಿಲ್ಲ. ಸಾಧಾರಣ ಮಲ್ಟಿಮೀಟರ್ ಸಾಕು. ಪಲ್ಸ್ ಪಿನ್ ಮೇಲೆ ಮೀಟರ್ ಇಡಬೇಡಿ, ಅದು ತುಂಬಾ ಬೇಗ ಬಡಿಯುತ್ತಿರುತ್ತದೆ, ಮೀಟರ್ ಏನನ್ನೂ ಸರಿಯಾಗಿ ತೋರಿಸುವುದಿಲ್ಲ. ಡೈರೆಕ್ಷನ್ ಪಿನ್ ಹಿಡಿಯಿರಿ. ಆ ಪಿನ್ನಿನ ವೈರನ್ನು ಡ್ರೈವರ್‌ನಿಂದ ಬಿಚ್ಚಿ, ಮೀಟರಿನ ಕಪ್ಪು ಕಡ್ಡಿ ಬೋರ್ಡಿನ ಗ್ರೌಂಡಿಗೆ, ಕೆಂಪು ಕಡ್ಡಿ ಡೈರೆಕ್ಷನ್ ಪಿನ್‌ಗೆ ಇಡಿ. ಕಂಪ್ಯೂಟರಿನಲ್ಲಿ ಆ ಅಕ್ಷವನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಜಾಗ್ ಮಾಡಿ, ಅಂದರೆ ಕೈಯಾರೆ ಸ್ವಲ್ಪ ಸರಿಸಿ. ಸೊನ್ನೆಯಿಂದ 5ಕ್ಕೆ, 5ರಿಂದ ಸೊನ್ನೆಗೆ ಮುಳ್ಳು ಹಾರಿದರೆ ಬೋರ್ಡು ಸಾಮಾನ್ಯವಾಗಿ ಕರೆಂಟ್ ಎಳೆದುಕೊಳ್ಳುವುದು, ಕೊಡುವುದು ಎರಡೂ ಮಾಡುತ್ತದೆ. ಏನೂ ಬದಲಾಗದಿದ್ದರೆ ಕೆಂಪು ಕಡ್ಡಿಯನ್ನು 5 ವೋಲ್ಟಿಗೂ ಕಪ್ಪನ್ನು ಪಿನ್‌ಗೂ ಹಿಡಿದು ಮತ್ತೆ ಜಾಗ್ ಮಾಡಿ. ಈಗ ಬದಲಾದರೆ ಅದು ಎಳೆದುಕೊಳ್ಳುವ ಬೋರ್ಡು, ಕಾಮನ್ ಆನೋಡ್ ಬಿಟ್ಟು ಬೇರೆ ದಾರಿಯಿಲ್ಲ. ಎರಡೂ ಮಾಡಬಲ್ಲ ಬೋರ್ಡಿಗೂ ನಾನು ಕಾಮನ್ ಆನೋಡೇ ಹಾಕುತ್ತೇನೆ. ಕರೆಂಟ್ ಎಳೆದುಕೊಳ್ಳುವುದರಲ್ಲಿ ಈ ಚಿಪ್‌ಗಳು ಸಾಮಾನ್ಯವಾಗಿ ಹಿಂದೆ ಬೀಳುವುದಿಲ್ಲ.

ಎನೇಬಲ್ ಜೋಡಿಯನ್ನು ಮೊದಲ ದಿನ ಮುಟ್ಟಲೇಬೇಡಿ. ಈ ಡ್ರೈವರ್‌ಗಳಲ್ಲಿ ಅದು ಖಾಲಿ ಇದ್ದರೆ ಡ್ರೈವರ್ ಚಾಲೂ ಇದೆ ಅಂತಲೇ ಅರ್ಥ. ಎನೇಬಲ್ ಅಂತ ಹೆಸರಿದೆ, ಕೊಡದಿದ್ದರೆ ನಡೆಯುತ್ತದೆಯೇ ಅಂತ 5 ವೋಲ್ಟು ಕೊಟ್ಟು ಮೋಟಾರನ್ನು ತಾವೇ ನಿಲ್ಲಿಸಿಕೊಂಡವರು ಬೇಕಾದಷ್ಟು ಜನ.

ವೋಲ್ಟೇಜಿನದು ಇನ್ನೊಂದು ಕಥೆ. ಹಳೆಯ ಮಾದರಿಗಳಿಗೆ 24 ವೋಲ್ಟಿನ ಸಿಗ್ನಲ್ ಕೊಡಬೇಕಾದರೆ ಸರಣಿಯಲ್ಲಿ 2 ಕಿಲೋಓಮ್ ರೆಸಿಸ್ಟರ್ ಹಾಕಲೇಬೇಕು, ಇಲ್ಲದಿದ್ದರೆ ಒಳಗಿನ ಎಲ್‌ಇಡಿ ಸುಡುತ್ತದೆ. ಕೆಲವು ಹೊಸ ಡ್ರೈವರ್‌ಗಳಲ್ಲಿ 5 ಅಥವಾ 24 ಆರಿಸಿಕೊಳ್ಳುವ ಸಣ್ಣ ಸ್ವಿಚ್ ಇದೆ. ಅದು 24ರಲ್ಲೇ ಉಳಿದು ಬೋರ್ಡು 5 ಕೊಡುತ್ತಿದ್ದರೆ ಎಲ್‌ಇಡಿ ಮಂಕಾಗಿ ಹೊತ್ತುತ್ತದೆ, ಅಥವಾ ಹೊತ್ತುವುದೇ ಇಲ್ಲ. 3.3 ವೋಲ್ಟಿನ ಕಂಟ್ರೋಲರ್‌ನಿಂದ ನೇರವಾಗಿ ವೈರು ಎಳೆದರೂ ಇದೇ ಗತಿ, ನಡುವೆ 5 ವೋಲ್ಟಿನ ಬಫರ್ ಬೇಕು. ನಿಧಾನ ಓಡಿಸಿದಾಗ ಸರಿ, ಜೋರು ಮಾಡಿದರೆ ಸ್ಟೆಪ್ ಬಿಡುತ್ತದೆ ಅನ್ನುವವರು ಮೊದಲು ಇದನ್ನು ನೋಡಲಿ.

ಈಗ ನನಗೆ ಜಾಸ್ತಿ ಕಾಡುವ ದೂರಿಗೆ ಬರುತ್ತೇನೆ. ಮೆಷಿನ್ ಓಡುತ್ತದೆ, ಶಬ್ದವೂ ಚೆಂದ, ಆದರೆ ಎರಡು ಗಂಟೆಯ ಕೆತ್ತನೆ ಮುಗಿಯುವ ಹೊತ್ತಿಗೆ ವಿನ್ಯಾಸ ಒಂದೇ ಪಕ್ಕಕ್ಕೆ ಸರಿದಿರುತ್ತದೆ. ಹಲಸಿನ ಹಲಗೆ ಹೋಯಿತು, ದಿನವೂ ಹೋಯಿತು. ಡಿಎಂ542ಗೆ ದಿಕ್ಕು ಬದಲಾಗಿ ಕನಿಷ್ಠ 5 ಮೈಕ್ರೋಸೆಕೆಂಡ್ ಆದ ಮೇಲೆ ಪಲ್ಸ್ ಬರಬೇಕು, ಪಲ್ಸಿನ ಅಗಲ 2.5 ಮೈಕ್ರೋಸೆಕೆಂಡ್‌ಗಿಂತ ಕಡಿಮೆ ಇರಬಾರದು. ಸಾಫ್ಟ್‌ವೇರಿನಲ್ಲಿ ಸ್ಟೆಪ್ಪಿನ ‘ಆಕ್ಟಿವ್ ಲೋ’ (ಸಿಗ್ನಲ್ ಕೆಳಗಿಳಿದಾಗ ಪಲ್ಸ್ ಅನ್ನುವ ಸೆಟ್ಟಿಂಗ್) ಉಲ್ಟಾ ಇದ್ದರೆ ಡ್ರೈವರ್ ಪಲ್ಸಿನ ತಪ್ಪು ಅಂಚಿಗೆ ಹೆಜ್ಜೆ ಇಡುತ್ತದೆ, ದಿಕ್ಕು ತಿರುಗುವಾಗ ಒಂದು ಹೆಜ್ಜೆ ಜಾರಬಹುದು. ಲೆಕ್ಕ ನೋಡಿ. ಮೋಟಾರಿನ ಒಂದು ಸುತ್ತಿಗೆ 200 ಸ್ಟೆಪ್, ಪ್ರತಿ ಸ್ಟೆಪ್ಪನ್ನು ಎಂಟು ಭಾಗ ಮಾಡುವ 8ರ ಮೈಕ್ರೋಸ್ಟೆಪ್, ಒಂದು ಸುತ್ತಿಗೆ 5 ಮಿಲಿಮೀಟರ್ ಸರಿಸುವ ಬಾಲ್‌ಸ್ಕ್ರೂ. ಒಂದು ಮಿಲಿಮೀಟರಿಗೆ 320 ಸ್ಟೆಪ್ ಆಯಿತು. ಹೋಗಿ ಬರುವ ಪ್ರತಿ ಸಲ ಒಂದೇ ಒಂದು ಹೆಜ್ಜೆ ಜಾರಿದರೂ 200 ಸಲ ಹೋಗಿ ಬಂದಾಗ 0.6 ಮಿಲಿಮೀಟರ್ ದಾಟುತ್ತದೆ. ಉಬ್ಬು ಕೆತ್ತನೆಯಲ್ಲಿ ಟೂಲ್ ಸಾವಿರಾರು ಸಲ ಹೋಗಿ ಬರುತ್ತದೆ ಅಲ್ವಾ?

ಸಣ್ಣ ಸರಿತ ಅಳೆಯುವ ಡಯಲ್ ಗೇಜ್ ಕಟ್ಟಿ, ಟೂಲ್ ತೆಗೆದು, 10 ಮಿಲಿಮೀಟರ್ ಹಿಂದೆ ಮುಂದೆ 200 ಸಲ ಓಡಿಸಿ. ಮುಳ್ಳು ಪ್ರತಿ ಸಲವೂ ಒಂದೇ ಕಡೆಗೆ, ಒಂದೇ ಅಳತೆಯಲ್ಲಿ ಸರಿಯುತ್ತಿದ್ದರೆ ಆ ‘ಆಕ್ಟಿವ್ ಲೋ’ ಬದಲಿಸಿ ಮತ್ತೆ ನೋಡಿ. ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಮನಬಂದಂತೆ ಸರಿದರೆ ಸ್ಪಿಂಡಲ್ (ಟೂಲ್ ತಿರುಗಿಸುವ ಮೋಟಾರು) ಚಾಲೂ ಮಾಡಿ ಒಮ್ಮೆ, ಬಂದ್ ಮಾಡಿ ಒಮ್ಮೆ ಓಡಿಸಿ. ಸ್ಪಿಂಡಲ್ ತಿರುಗುವಾಗ ಮಾತ್ರ ತಪ್ಪಿದರೆ ಅದು ಸ್ಪಿಂಡಲಿನ ವೇಗ ಹಿಡಿತದಲ್ಲಿಡುವ ವಿಎಫ್‌ಡಿಯಿಂದ ಸಿಗ್ನಲ್ ವೈರಿಗೆ ನುಗ್ಗುವ ನಾಯ್ಸ್. ಎರಡರಲ್ಲೂ ತಪ್ಪಿದರೆ ಮೋಟಾರನ್ನೂ ಬಾಲ್‌ಸ್ಕ್ರೂವನ್ನೂ ಸೇರಿಸುವ ಕಪ್ಲಿಂಗಿನ ಗ್ರಬ್ ಸ್ಕ್ರೂ ಬಿಗಿ ಮಾಡಿ ನೋಡಿ.

ನಾಯ್ಸಿಗೆ ಮದ್ದು ಸರಳ, ಆದರೆ ಸೋಮಾರಿತನ ಬಿಡಬೇಕು. ಸ್ಪಿಂಡಲ್‌ಗೆ ಶೀಲ್ಡ್ ಕೇಬಲ್ ಹಾಕಿ. ಅದನ್ನೂ ಸಿಗ್ನಲ್ ವೈರನ್ನೂ ಒಂದೇ ಕಟ್ಟಿನಲ್ಲಿ ಬಿಗಿಯಬೇಡಿ. ಸಿಗ್ನಲ್ ಕೇಬಲಿನ ಶೀಲ್ಡನ್ನು ಪ್ಯಾನೆಲ್ ಕಡೆ ಮಾತ್ರ ಅರ್ಥಿಂಗಿಗೆ ಕೊಡಿ. ಬೋರ್ಡಿನ 5 ವೋಲ್ಟಿನ ಗ್ರೌಂಡನ್ನೂ ಮೋಟಾರು ಓಡಿಸುವ 36 ವೋಲ್ಟಿನ ಮೈನಸ್ಸನ್ನೂ ‘ಎಲ್ಲ ಗ್ರೌಂಡೇ ತಾನೇ’ ಅಂತ ಸುಮ್ನೆ ಸೇರಿಸಬೇಡಿ. ಸೇರಿಸಿದರೆ ಆಪ್ಟೋಕಪ್ಲರ್ ಇದ್ದೂ ಇಲ್ಲದ ಹಾಗೆ. ಜಂಬಿಟ್ಟಿಗೆ ನೆಲದಲ್ಲಿ ಬೇಸಿಗೆಗೆ ಅರ್ಥಿಂಗ್ ಗುಂಡಿ ಒಣಗಿ ಹೋಗುತ್ತದೆ, ಮಾರ್ಚ್‌ನಿಂದ ಮಳೆ ಹಿಡಿಯುವ ತನಕ ಅದಕ್ಕೆ ನೀರು ಹಾಕುತ್ತಿರಿ.

ಮಳೆ ಹಿಡಿದ ಮೇಲೆ ನಮ್ಮ ಮಲೆನಾಡಿನ ತೇವ ಟರ್ಮಿನಲ್ಲಿಗೆ ಶತ್ರು. ವೈರಿನ ತುದಿಗೆ ಬೆಸುಗೆಯ ಸೀಸ ಹಾಕಿ ಸ್ಕ್ರೂ ಬಿಗಿಯುವ ಅಭ್ಯಾಸ ಬಿಡಿ. ಸೀಸ ಮೆತ್ತಗೆ ಒತ್ತಿಕೊಳ್ಳುತ್ತದೆ, ತಿಂಗಳೊಪ್ಪತ್ತಿನಲ್ಲಿ ಸ್ಕ್ರೂ ಸಡಿಲ. ಪಿನ್ ಲಗ್ ಹಾಕಿ ಕ್ರಿಂಪ್ ಮಾಡಿ. ಮೋಟಾರಿನ ನಾಲ್ಕು ವೈರಿನಲ್ಲಿ ಒಂದು ಸಡಿಲವಾಗಿ ಓಡುವಾಗಲೇ ಬಿಟ್ಟರೆ ಕಾಯಿಲಿನಲ್ಲಿ ವೋಲ್ಟೇಜ್ ಜಿಗಿದು ಡ್ರೈವರ್ ನಿಜವಾಗಿಯೂ ಸುಡುತ್ತದೆ. ಕರೆಂಟ್ ಇದ್ದಾಗ ಮೋಟಾರು ವೈರು ಬಿಚ್ಚಬಾರದು ಅನ್ನುವುದೂ ಇದಕ್ಕೇ. ಯಾವ ಎರಡು ವೈರು ಒಂದು ಕಾಯಿಲು ಅಂತ ಗೊತ್ತಿಲ್ಲವೇ? ಡ್ರೈವರ್‌ಗೆ ಜೋಡಿಸುವ ಮೊದಲು ಎರಡೆರಡು ತುದಿ ಸೇರಿಸಿ ಹಿಡಿದು ಶಾಫ್ಟ್ ಕೈಯಲ್ಲಿ ತಿರುಗಿಸಿ. ಬಿಗಿಯಾಯಿತು ಅಂದರೆ ಅವು ಜೋಡಿ.

ಎಮರ್ಜೆನ್ಸಿ ಸ್ಟಾಪನ್ನು ಬರೀ ಬೋರ್ಡಿನ ಇನ್‌ಪುಟ್ಟಿಗೆ ಕೊಟ್ಟು ಕೈ ತೊಳೆದುಕೊಳ್ಳಬೇಡಿ. ಕಂಪ್ಯೂಟರ್ ಹ್ಯಾಂಗ್ ಆದರೆ ಅದನ್ನು ಕೇಳುವವರೇ ಇಲ್ಲ. ಆ ಗುಂಡಿಯ ಇನ್ನೊಂದು ಕಾಂಟ್ಯಾಕ್ಟ್ ಕಾಂಟ್ಯಾಕ್ಟರಿನ (ಪವರ್ ಕಡಿಯುವ ದೊಡ್ಡ ರಿಲೇಯ) ಕಾಯಿಲಿಗೆ ಹೋಗಲಿ, ಒತ್ತಿದ ತಕ್ಷಣ ಡ್ರೈವರ್‌ಗಳ ಸಪ್ಲೈ ಕಡಿಯಲಿ. ಸ್ಪಿಂಡಲಿನ ವಿಎಫ್‌ಡಿಯನ್ನು ನಿಲ್ಲಿಸುವ ವೈರನ್ನೂ ಅದೇ ಗುಂಡಿಗೆ ಸೇರಿಸಿ. ಗುಂಡಿ, ಅಕ್ಷದ ತುದಿಯ ಲಿಮಿಟ್ ಸ್ವಿಚ್ ಎರಡನ್ನೂ ಎನ್‌ಸಿ, ಅಂದರೆ ಒತ್ತದಿದ್ದಾಗ ಕೂಡಿಕೊಂಡೇ ಇರುವ ಕಾಂಟ್ಯಾಕ್ಟಿನಲ್ಲೇ ಜೋಡಿಸಿ. ಇಲಿ ವೈರು ಕಡಿದರೆ ಮೆಷಿನ್ ತಾನಾಗಿಯೇ ನಿಲ್ಲುತ್ತದೆ.