ಹೆಬ್ಬಾಳದ ಹೊಸ ಲೂಪ್ ಬಿಡಿಸಿದ್ದೇನು, ಉಳಿಸಿದ್ದೇನು?

ಬೆಂಗಳೂರಿನ ಹೆಬ್ಬಾಳದಲ್ಲಿ 2025ರ ಆಗಸ್ಟ್ 18ರಂದು ಒಂದು ಹೊಸ ಲೂಪ್, ಅಂದರೆ ಬಾಗಿ ತಿರುಗುವ ಸೇತುವೆ ದಾರಿ, ಸಂಚಾರಕ್ಕೆ ತೆರೆಯಿತು. ಉದ್ದ ಸುಮಾರು 700 ಮೀಟರ್. ಕೆ.ಆರ್. ಪುರ, ನಾಗವಾರದ ಕಡೆಯಿಂದ ಔಟರ್ ರಿಂಗ್ ರೋಡ್‌ನಲ್ಲಿ ಬಂದವರು ನಗರದ ಒಳಗಿನ ಮೇಖ್ರಿ ಸರ್ಕಲ್ ಕಡೆ ತಿರುಗಲು ಮಾಡಿದ ದಾರಿ ಇದು. ಅಷ್ಟು ಚಿಕ್ಕ ಸೇತುವೆಗೆ ಇಷ್ಟು ಜನ ಇಷ್ಟು ವರ್ಷ ಯಾಕೆ ಕಾದರು? ಅದು ಗೊತ್ತಾಗಬೇಕಾದರೆ ರಸ್ತೆಗಳು ಸೇರುವ ಜಾಗದಲ್ಲಿ ನಿಜಕ್ಕೂ ಏನು ನಡೆಯುತ್ತದೆ ಎಂದು ನೋಡಬೇಕು.

ನಾಲ್ಕು ರಸ್ತೆ ಕೂಡುವ ಒಂದು ಮಾಮೂಲಿ ಚೌಕವನ್ನು ಕಾಗದದ ಮೇಲೆ ಬರೆಯಿರಿ. ಪ್ರತಿ ದಿಕ್ಕಿನಿಂದ ಬರುವ ವಾಹನ ನೇರ ಹೋಗಬಹುದು, ಎಡಕ್ಕೆ ಅಥವಾ ಬಲಕ್ಕೆ ತಿರುಗಬಹುದು. ಎಲ್ಲ ಗೆರೆಗಳನ್ನೂ ಎಳೆದರೆ ಅವು ಒಂದಕ್ಕೊಂದು ಎದುರಾಗುವ 32 ಜಾಗಗಳು ಸಿಗುತ್ತವೆ. ಅದರಲ್ಲಿ 16 ಅಡ್ಡ ಹಾಯುವ ಜಾಗಗಳು, 8 ಬೇರೆಯಾಗುವ ಜಾಗಗಳು, 8 ಒಟ್ಟಾಗುವ ಜಾಗಗಳು. ಅಡ್ಡ ಹಾಯುವುದೇ ಎಲ್ಲಕ್ಕಿಂತ ಅಪಾಯ. ಹಾಗಾಗಿ ಮೊದಲು ಸಿಗ್ನಲ್ ಬರುತ್ತದೆ. ಸಿಗ್ನಲ್‌ಗೂ ಬಗ್ಗದಿದ್ದರೆ ಫ್ಲೈಓವರ್ ಬರುತ್ತದೆ.

ಹೆಬ್ಬಾಳದ ಫ್ಲೈಓವರ್ 2003ರ ಹೊತ್ತಿಗೆ ಬಂತು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕಟ್ಟಿಸಿದ್ದು. ದೇವನಹಳ್ಳಿ ಕಡೆ ಹೋಗುವ ಬಳ್ಳಾರಿ ರಸ್ತೆ ಮತ್ತು ರಿಂಗ್ ರೋಡ್ ಒಂದನ್ನೊಂದು ಅಡ್ಡ ಹಾಯುವ ತೊಂದರೆಯನ್ನು ಅದು ಚೆನ್ನಾಗಿಯೇ ಬಗೆಹರಿಸಿತು. ಆದರೆ ಒಟ್ಟಾಗುವ ಜಾಗಗಳು ಹಾಗೇ ಉಳಿದವು. ಫ್ಲೈಓವರ್ ಅಡ್ಡ ಹಾಯುವುದನ್ನು ತಪ್ಪಿಸಬಲ್ಲದು, ಒಂದೇ ಕಡೆ ಹೋಗಬೇಕಾದವರು ಒಂದೇ ರಸ್ತೆಗೆ ಬಂದು ಸೇರುವುದನ್ನು ತಪ್ಪಿಸಲಾರದು. ಹೆಬ್ಬಾಳದ ಕಷ್ಟವೆಲ್ಲ ಇರುವುದು ಇಲ್ಲೇ.

ಆಮೇಲೆ ಊರು ಬದಲಾಯಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಯಿತು. ರಿಂಗ್ ರೋಡ್ ಉದ್ದಕ್ಕೂ ಸಾಫ್ಟ್‌ವೇರ್ ಕಚೇರಿಗಳು ತುಂಬಿದವು. 2014ರಲ್ಲಿ ವಿಮಾನ ನಿಲ್ದಾಣದ ಕಡೆಯ ಎತ್ತರಿಸಿದ ಹೆದ್ದಾರಿ ತೆರೆಯಿತು. ಆ ಕಡೆಯಿಂದ ವಾಹನಗಳು ಸಿಗ್ನಲ್ ಇಲ್ಲದೆ ಸುಯ್ಯೆಂದು ಹೆಬ್ಬಾಳದವರೆಗೆ ಬಂದುಬಿಡುತ್ತವೆ. ಬಂದ ಮೇಲೆ ಹಳೆಯ ಫ್ಲೈಓವರ್‌ನ ಕಿರಿದಾದ ಲೇನ್‌ಗಳಿಗೆ ನುಗ್ಗಬೇಕು. ಅಲ್ಲೇ ರಿಂಗ್ ರೋಡ್‌ನವರೂ ಬಂದು ಸೇರುತ್ತಿದ್ದರು.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. ಮುಂದಿನ ವಾಹನಕ್ಕೂ ಹಿಂದಿನದಕ್ಕೂ ಎರಡು ಸೆಕೆಂಡಿನ ಅಂತರ ಇದ್ದರೆ ಒಂದು ಲೇನ್‌ನಲ್ಲಿ ಗಂಟೆಗೆ 1,800 ಕಾರು ಹೋಗಬಹುದು. ಬೆಳಗ್ಗೆ ಎಂಟರಿಂದ ಹತ್ತರವರೆಗೆ ಗಂಟೆಗೆ 1,900 ಕಾರು ಬಂದವು ಅಂದುಕೊಳ್ಳಿ. ನೂರು ಮಾತ್ರ ಜಾಸ್ತಿ. ಎರಡು ಗಂಟೆಯಲ್ಲಿ 200 ಕಾರು ಉಳಿದವು. ಸಾಲಿನಲ್ಲಿ ನಿಂತ ಒಂದು ಕಾರಿಗೆ ಸುಮಾರು ಏಳು ಮೀಟರ್ ಬೇಕು. ಅಲ್ಲಿಗೆ 1.4 ಕಿಲೋಮೀಟರ್ ಉದ್ದದ ಸಾಲು! ಹತ್ತು ಗಂಟೆಗೆ ಬರುವವರ ಸಂಖ್ಯೆ 1,700ಕ್ಕೆ ಇಳಿದರೂ ಈ ಸಾಲು ಕರಗಲು ಮತ್ತೆ ಎರಡು ಗಂಟೆ ಬೇಕು. ಹನ್ನೊಂದೂವರೆಗೆ ಬಂದವರು "ಈಗ್ಯಾಕೆ ಇಷ್ಟು ಜಾಮ್?" ಎಂದು ಕೇಳುತ್ತಾರಲ್ಲ, ಅವರು ನಿಂತಿರುವುದು ಒಂಬತ್ತು ಗಂಟೆಯ ಸಾಲಿನಲ್ಲಿ.

ಇನ್ನೊಂದು ಸಂಗತಿ ಈ ಲೆಕ್ಕವನ್ನು ಇನ್ನೂ ಕೆಡಿಸುತ್ತದೆ. ಸಾಲು ಕಟ್ಟಿದ ಮೇಲೆ ರಸ್ತೆ ಮೊದಲಿನಷ್ಟು ವಾಹನಗಳನ್ನು ಹೊರಗೆ ಬಿಡುವುದಿಲ್ಲ. ನಿಂತು ಹೊರಡುವಾಗ ಪ್ರತಿಯೊಬ್ಬರೂ ಸ್ವಲ್ಪ ತಡ ಮಾಡುತ್ತಾರೆ, ಪಕ್ಕದಿಂದ ನುಗ್ಗುವವರಿಗೆ ಬ್ರೇಕ್ ಹಾಕುತ್ತಾರೆ. ಆ ಒಂದು ಬ್ರೇಕ್ ಹಿಂದಿನವರಿಗೆ, ಅವರ ಹಿಂದಿನವರಿಗೆ ಅಲೆಯಂತೆ ದಾಟುತ್ತಾ ಹೋಗುತ್ತದೆ. ಜಪಾನಿನ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ 230 ಮೀಟರ್ ಸುತ್ತಳತೆಯ ವೃತ್ತದಲ್ಲಿ 22 ಕಾರುಗಳನ್ನು ಒಂದೇ ವೇಗದಲ್ಲಿ ಓಡಿಸಲು ಹೇಳಿದರು. ಸಿಗ್ನಲ್ ಇಲ್ಲ, ಗುಂಡಿ ಇಲ್ಲ, ಅಡ್ಡ ಬರುವವರಿಲ್ಲ. ಆದರೂ ಸ್ವಲ್ಪ ಹೊತ್ತಿಗೆ ತಾನಾಗಿಯೇ ಜಾಮ್ ಹುಟ್ಟಿತು, ಹುಟ್ಟಿದ್ದು ಹಿಂದಕ್ಕೆ ಸರಿಯುತ್ತಾ ಹೋಯಿತು. ಖಾಲಿ ವೃತ್ತದಲ್ಲೇ ಹೀಗಾದರೆ, ಬಸ್ಸು, ಆಟೊ, ಬೈಕು, ಏರ್‌ಪೋರ್ಟ್ ಟ್ಯಾಕ್ಸಿ ಎಲ್ಲ ಒಟ್ಟಿಗೆ ನುಗ್ಗುವ ಹೆಬ್ಬಾಳದ ಕಥೆ ಹೇಳಬೇಕೇ?

ಆದ್ದರಿಂದಲೇ ಹೊಸ ಲೂಪ್‌ನ ಉದ್ದೇಶ ಸರಿಯಾಗಿದೆ ಎಂದು ನನಗನ್ನಿಸುತ್ತದೆ. ಅದು ಎರಡು ದೊಡ್ಡ ಪ್ರವಾಹಗಳು ಒಂದೇ ಇಕ್ಕಟ್ಟಿನಲ್ಲಿ ಗುದ್ದಾಡುವುದನ್ನು ತಪ್ಪಿಸಿ, ರಿಂಗ್ ರೋಡ್‌ನವರಿಗೆ ಬೇರೆ ದಾರಿ ಕೊಡುತ್ತದೆ. ಹರಿವು ಅಂಚಿನಲ್ಲಿ ನಿಂತಿರುವ ಜಾಗದಲ್ಲಿ ಸ್ವಲ್ಪ ಜಾಗ ಸಿಕ್ಕರೂ ಲಾಭ ದೊಡ್ಡದು. ಮೇಲಿನ ಲೆಕ್ಕದಲ್ಲಿ ಆ ನೂರು ಕಾರು ಬೇರೆ ದಾರಿ ಹಿಡಿದರೆ ಸಾಕು, 1.4 ಕಿಲೋಮೀಟರ್ ಸಾಲು ಹುಟ್ಟುವುದೇ ಇಲ್ಲ.

ಕೆಲಸ ತಡವಾಯಿತು ಎಂದು ಬೈದವರು ಬಹಳ. ಬೈಗುಳದಲ್ಲಿ ನ್ಯಾಯವೂ ಇದೆ. ಆದರೆ ಓಡುತ್ತಿರುವ ಜಂಕ್ಷನ್‌ನಲ್ಲಿ ಸೇತುವೆ ಕಟ್ಟುವುದು ಖಾಲಿ ಬಯಲಿನಲ್ಲಿ ಕಟ್ಟಿದಂತಲ್ಲ. ಹೊಸದನ್ನು ಜೋಡಿಸಲು ಹಳೆಯ ಫ್ಲೈಓವರ್‌ನ ಭಾಗವನ್ನೇ ಬಿಚ್ಚಬೇಕಾಯಿತು. ಅದಕ್ಕಾಗಿ 2024ರಲ್ಲಿ ವಾಹನಗಳನ್ನು ಸುತ್ತುದಾರಿಯಲ್ಲಿ ಕಳಿಸಿದರು. ರೈಲು ಹಳಿಯ ಮೇಲೆ ಉಕ್ಕಿನ ಗರ್ಡರ್ ಕೂರಿಸಬೇಕಾದರೆ ರೈಲು ಇಲ್ಲದ ಹೊತ್ತು ನೋಡಿ ರೈಲ್ವೆಯವರು ಅನುಮತಿ ಕೊಡಬೇಕು.

ಲೂಪ್ ಅಷ್ಟು ಬಿಗಿಯಾಗಿ ತಿರುಗುವುದು ಯಾಕೆ ಎಂದು ಕೆಲವರು ಕೇಳುತ್ತಾರೆ. ತಿರುವಿನಲ್ಲಿ ವಾಹನ ಹೊರಗೆ ಜಾರದಂತೆ ಹಿಡಿಯುವುದು ಎರಡು: ಟೈರಿನ ಹಿಡಿತ ಮತ್ತು ರಸ್ತೆಯನ್ನು ಒಳಗಡೆಗೆ ವಾಲಿಸಿದ ಓರೆ. ನಮ್ಮ ರಸ್ತೆ ವಿನ್ಯಾಸದಲ್ಲಿ ಓರೆಗೆ 7 ಶೇಕಡಾ, ಟೈರಿನ ಹಿಡಿತಕ್ಕೆ 0.15 (ಅಂದರೆ ವಾಹನದ ತೂಕದ ನೂರಕ್ಕೆ ಹದಿನೈದರಷ್ಟು ಬಲ) ಎಂದು ಇಟ್ಟುಕೊಳ್ಳುವುದು ವಾಡಿಕೆ. ಹಾಗೆ ಲೆಕ್ಕ ಹಾಕಿದರೆ ಗಂಟೆಗೆ 30 ಕಿಲೋಮೀಟರ್ ವೇಗಕ್ಕೆ ತಿರುವಿನ ತ್ರಿಜ್ಯ 32 ಮೀಟರ್ ಸಾಕು. ವೇಗ ದುಪ್ಪಟ್ಟಾಗಿ 60 ಆದರೆ ತ್ರಿಜ್ಯ ನಾಲ್ಕು ಪಟ್ಟು, ಸುಮಾರು 129 ಮೀಟರ್ ಬೇಕು. ಒಂದು ಕಡೆ ಕೆರೆ, ಒಂದು ಕಡೆ ಹಳಿ, ಇನ್ನೊಂದು ಕಡೆ ಮನೆಗಳು. ಅಷ್ಟು ಜಾಗ ಎಲ್ಲಿಂದ ಬರಬೇಕು? ನಿಧಾನ ಹೋಗಿ ಎಂದು ಹಾಕಿದ ಫಲಕ ಸುಮ್ನೆ ಹಾಕಿದ್ದಲ್ಲ. ಬೈಕಿನವರು ಮಳೆಯಲ್ಲಿ ಅದನ್ನು ನೆನಪಿಡಲಿ. ಒದ್ದೆ ರಸ್ತೆಯಲ್ಲಿ ಹಿಡಿತ ಇನ್ನೂ ಕಡಿಮೆ.

ಈಗ ಕಷ್ಟದ ಮಾತು. ಲೂಪ್ ಬಿಟ್ಟ ವಾಹನಗಳು ಹೋಗುವುದೆಲ್ಲಿಗೆ? ಮೇಖ್ರಿ ಸರ್ಕಲ್‌ಗೆ. ಅಲ್ಲಿಂದ ಮುಂದೆ ಅರಮನೆ ಮೈದಾನದ ಪಕ್ಕದ ರಸ್ತೆ. ಆ ರಸ್ತೆಯ ಅಗಲೀಕರಣ ಜಮೀನಿನ ಪರಿಹಾರದ ವ್ಯಾಜ್ಯದಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡಿತು. ಒಂದು ಇಕ್ಕಟ್ಟು ಸಡಿಲವಾದರೆ ಅದರ ಮುಂದಿನದಕ್ಕೆ ಮೊದಲಿಗಿಂತ ಬೇಗ ಬೇಗ ವಾಹನ ಬರುತ್ತದೆ. ಹೆಬ್ಬಾಳದಲ್ಲಿ ಉಳಿದ ನಿಮಿಷಗಳಲ್ಲಿ ಕೆಲವನ್ನು ಮುಂದೆ ಕಕ್ಕಬೇಕಾಗುತ್ತದೆ. ಒಂದೇ ಜಾಗದಲ್ಲಿ ನಿಂತು ಅಳೆದ ಲಾಭವನ್ನು ನಾನು ಪೂರ್ತಿ ನಂಬುವುದಿಲ್ಲ. ನಾಗವಾರದಿಂದ ಮೆಜೆಸ್ಟಿಕ್‌ವರೆಗಿನ ಇಡೀ ಪ್ರಯಾಣವನ್ನು ಅಳೆಯಬೇಕು.

ಇದರ ಜೊತೆ ಹೊಸ ವಾಹನಗಳೂ ಬರುತ್ತವೆ. ಅಮೆರಿಕದ ನಗರಗಳ ಹೆದ್ದಾರಿಗಳನ್ನು ನೋಡಿ ಡ್ಯೂರಾಂಟನ್ ಮತ್ತು ಟರ್ನರ್ ಎಂಬ ಅರ್ಥಶಾಸ್ತ್ರಜ್ಞರು 2011ರಲ್ಲಿ ಹೇಳಿದ್ದು ಇದನ್ನೇ: ರಸ್ತೆ ಎಷ್ಟು ಹೆಚ್ಚಾಯಿತೋ ಓಡಾಟವೂ ಹೆಚ್ಚುಕಡಿಮೆ ಅಷ್ಟೇ ಹೆಚ್ಚಾಯಿತು. ಜಾಮ್‌ಗೆ ಹೆದರಿ ಬೇರೆ ಹೊತ್ತಿಗೆ ಹೊರಡುತ್ತಿದ್ದವರು, ಬೇರೆ ದಾರಿ ಹಿಡಿದವರು, ಬಸ್ಸು ಹತ್ತಿದವರು ವಾಪಸ್ ಬರುತ್ತಾರೆ. ಹಾಗಂತ ಯಾವ ಲೂಪೂ ಬೇಡ ಎಂದಲ್ಲ. ಆದರೆ ಲಾಭ ಎಷ್ಟು ವರ್ಷ ಉಳಿಯುತ್ತದೆ ಎಂಬ ಪ್ರಶ್ನೆಯನ್ನು ಮೊದಲ ದಿನವೇ ಕೇಳಬೇಕು.

ಮಳೆ ನೀರಿನ ಮಾತೂ ಇದೆ. ಹೆಬ್ಬಾಳ ತಗ್ಗಿನ ಜಾಗ. ಬೆಂಗಳೂರಿನ ನೀರು ಹರಿಯುವ ಮೂರು ದೊಡ್ಡ ಕಣಿವೆಗಳಲ್ಲಿ ಒಂದು ಇದು. 700 ಮೀಟರ್ ಉದ್ದದ ಲೂಪ್ ಎಂಟು ಮೀಟರ್ ಅಗಲ ಎಂದುಕೊಂಡರೆ, 50 ಮಿಲಿಮೀಟರ್ ಮಳೆಗೆ ಅದರ ಮೇಲೊಂದೇ 2.8 ಲಕ್ಷ ಲೀಟರ್ ನೀರು ಬೀಳುತ್ತದೆ. ಅದು ಕಂಬದ ಪೈಪಿನಲ್ಲಿ ಇಳಿದು ಸೀದಾ ಸರ್ವಿಸ್ ರಸ್ತೆಗೆ ಬಂದರೆ ಒದ್ದೆಯಾಗುವುದು ಕೆಳಗೆ ನಡೆಯುವವರು. ಎಣ್ಣೆ, ಟೈರಿನ ಪುಡಿ ಹೊತ್ತ ಆ ನೀರು ಕೆರೆಗೆ ಹಾಗೇ ಸೇರಲೂಬಾರದು.

ಕೆಳಗೆ ನಡೆಯುವವರ ಬಗ್ಗೆ ನನಗೆ ಹೆಚ್ಚು ಕಾಳಜಿ. ಹೆಬ್ಬಾಳ ಬರೀ ದಾಟಿ ಹೋಗುವ ಜಾಗವಲ್ಲ, ಇಳಿದು ಹತ್ತುವ ಜಾಗ. ಚಿಕ್ಕಬಳ್ಳಾಪುರ, ಯಲಹಂಕದ ಕಡೆಯಿಂದ ಬಂದವರು ಇಲ್ಲಿ ಇಳಿದು ರಿಂಗ್ ರೋಡ್‌ನಲ್ಲಿ ಹೋಗುವ 500ಡಿ ಬಸ್ಸಿಗೆ ಓಡುತ್ತಾರೆ. ಕೈಯಲ್ಲಿ ಮಗು, ಚೀಲ, ಮುಂದೆ ಬ್ಯಾರಿಕೇಡ್. ಸ್ಟಾಪ್ ಅಲ್ಲಿಂದ ಇಲ್ಲಿಗೆ ಸರಿದರೆ ಅವರ ನಡಿಗೆ ಉದ್ದವಾಗುತ್ತದೆ. ಇದು ಯಾವ ಸಂಚಾರ ಲೆಕ್ಕದಲ್ಲೂ ಬರುವುದಿಲ್ಲ. ಎಂಜಿನಿಯರ್‌ಗಳು ವಾಹನಗಳನ್ನು ಕಾರಿನ ಲೆಕ್ಕಕ್ಕೆ ಇಳಿಸಿ ಎಣಿಸುತ್ತಾರೆ. ಒಂದು ಬಸ್ಸು ಸುಮಾರು ಮೂರು ಕಾರಿನ ಜಾಗ ತಿನ್ನುತ್ತದೆ. ಆದರೆ ಅದರಲ್ಲಿ ಅರವತ್ತು ಜನ ಇರುತ್ತಾರೆ. ವಾಹನ ಬಿಟ್ಟು ಜನರನ್ನು ಎಣಿಸಿದರೆ ಮೊದಲು ದಾರಿ ಯಾರಿಗೆ ಕೊಡಬೇಕು ಎಂಬುದೇ ಬದಲಾಗುತ್ತದೆ, ಅಲ್ವಾ?

ಕೆ.ಆರ್. ಪುರದಿಂದ ವಿಮಾನ ನಿಲ್ದಾಣಕ್ಕೆ ಹೋಗುವ ಮೆಟ್ರೊದ ನೀಲಿ ಮಾರ್ಗ ಹೆಬ್ಬಾಳದ ಮೂಲಕವೇ ಹಾಯುತ್ತದೆ. ಇಲ್ಲಿಂದ ಸಿಲ್ಕ್ ಬೋರ್ಡ್‌ವರೆಗೆ ಸುರಂಗ ರಸ್ತೆಯ ಯೋಜನೆಯೂ ಇದೆ. ಸುರಂಗ ಬಂದರೆ ಈ ಜಂಕ್ಷನ್‌ಗೆ ಇನ್ನೊಂದು ಒಟ್ಟಾಗುವ ಬಾಯಿ ಸೇರಿಕೊಳ್ಳುತ್ತದೆ. ಮೆಟ್ರೊ ಬಂದರೆ ಸಾವಿರಾರು ಜನ ನಡೆದು ಬರುತ್ತಾರೆ. ಎರಡಕ್ಕೂ ಬೇಕಾದ ಲೆಕ್ಕ ಬೇರೆ ಬೇರೆ. ಮೆಟ್ರೊ ನಿಲ್ದಾಣ, ಬಸ್ ಸ್ಟಾಪ್, ಹೆಬ್ಬಾಳ ರೈಲು ನಿಲ್ದಾಣ ಈ ಮೂರರ ನಡುವೆ ನೆರಳಿರುವ, ನೀರು ನಿಲ್ಲದ, ರಸ್ತೆಗೆ ಇಳಿಯದೆ ನಡೆಯಬಹುದಾದ ದಾರಿಯ ನಕ್ಷೆಯನ್ನು ಈಗಲೇ ಜನರ ಮುಂದಿಡಬೇಕು. ಕಂಬಗಳು ಎದ್ದ ಮೇಲೆ ಅದಕ್ಕೆ ಜಾಗ ಹುಡುಕುವುದು ಬಹಳ ಕಷ್ಟ.