ರಜೆಯ 48 ದಿನ

ಏಪ್ರಿಲ್ ಮೂರನೇ ವಾರ ಬಂತೆಂದರೆ ನಮ್ಮ ಕ್ಲಿನಿಕ್ಕಿಗೆ ಬರುವ ದೂರುಗಳ ಜಾತಿಯೇ ಬೇರೆ. ಶಾಲೆಯಲ್ಲಿ ಒಬ್ಬರಿಂದೊಬ್ಬರಿಗೆ ಅಂಟುವ ಕೆಮ್ಮು ನೆಗಡಿ ಕಡಿಮೆ. ಬದಲಿಗೆ "ಹೊಟ್ಟೆ ನೋವು ಅಂತಾನೆ", "ಮಧ್ಯಾಹ್ನ ಆದ್ರೆ ತಲೆನೋವು", "ಊಟ ಅಂದ್ರೆ ಮುಖ ತಿರುಗಿಸ್ತಾಳೆ". ಮಗುವನ್ನು ಮಲಗಿಸಿ ಹೊಟ್ಟೆ ಒತ್ತಿ ನೋಡುವಷ್ಟರಲ್ಲಿ ಅಮ್ಮನ ಬಾಯಿಂದ ಅಸಲು ಕಾಯಿಲೆ ಹೊರಬೀಳುತ್ತದೆ: "ಮೇಡಂ, ಇಸ್ಕೂಲ್ ಯಾವಾಗ ಶುರು ಆಗ್ತಾವೋ ಅನ್ನಂಗಾಗೈತೆ."

ದಾವಣಗೆರೆಯಲ್ಲಿ ಮಕ್ಕಳ ಡಾಕ್ಟರಾಗಿ 20 ಬೇಸಿಗೆ ಕಳೆದಿದ್ದೇನೆ. ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಈಚಿನ ವರ್ಷಗಳಲ್ಲಿ ಏಪ್ರಿಲ್ 11ರಿಂದ ಮೇ 28ರ ತನಕ ರಜೆ. ಲೆಕ್ಕ ಹಾಕಿದರೆ 48 ದಿನ. ಹೊರಗೆ 38 ಡಿಗ್ರಿ ಬಿಸಿಲು, ಒಳಗೆ ಎರಡು ಮಕ್ಕಳು, ಒಂದು ಟಿವಿ, ಒಂದು ಮೊಬೈಲು. ಜಗಳಕ್ಕೆ ಇನ್ನೇನು ಬೇಕು?

ಒಂದು ಬೇಸಿಗೆಯಲ್ಲಿ ಬಂದಿದ್ದ ಒಂಬತ್ತು ವರ್ಷದ ಹುಡುಗನನ್ನೇ ತೆಗೆದುಕೊಳ್ಳಿ. ಹೊಟ್ಟೆನೋವಿಗೆ ಆಗಲೇ ಎರಡು ಕಡೆ ತೋರಿಸಿ, ಸ್ಕ್ಯಾನಿಂಗ್ ಮಾಡಿಸಿ, ಫೈಲು ಹಿಡಿದುಕೊಂಡೇ ಬಂದಿದ್ದರು. ನಾನು ಫೈಲು ಪಕ್ಕಕ್ಕಿಟ್ಟು, "ನಿನ್ನೆ ಎಷ್ಟೊತ್ತಿಗೆ ಎದ್ದೆ?" ಎಂದು ಹುಡುಗನನ್ನೇ ಕೇಳಿದೆ. ಹತ್ತೂವರೆಗೆ ಎದ್ದಿದ್ದ. ಹಲ್ಲುಜ್ಜಿದ್ದು ಹನ್ನೊಂದಕ್ಕೆ. ಟೀ ಜೊತೆ ನಾಲ್ಕು ಬಿಸ್ಕೆಟ್, ಹನ್ನೆರಡೂವರೆಗೆ ಒಂದು ಪೊಟ್ಟಣ ಚಿಪ್ಸು. ಎರಡು ಗಂಟೆಗೆ ಅಮ್ಮ ಮುದ್ದೆ ಇಟ್ಟರೆ ಹಸಿವಿಲ್ಲ. ಐದಕ್ಕೆ ನೂಡಲ್ಸ್. ರಾತ್ರಿ ಹತ್ತಕ್ಕೆ ಊಟ, ಅದೂ ಮೊಬೈಲ್ ನೋಡುತ್ತಾ. ಮಲಗಿದ್ದು ಒಂದು ಗಂಟೆಗೆ. ನೀರು ಎಷ್ಟು ಕುಡಿದ ಎಂದರೆ ಅವನಿಗೂ ನೆನಪಿಲ್ಲ, ಅಮ್ಮನಿಗೂ ಇಲ್ಲ. ಕಕ್ಕಸಿಗೆ ಹೋಗಿ ನಾಲ್ಕು ದಿನವಾಗಿತ್ತು. ಹೊಟ್ಟೆನೋವಿನ ಗುಟ್ಟು ಅಷ್ಟೇ, ಮಲಬದ್ಧತೆ. ಶಾಲೆ ಇದ್ದಾಗ ಗಂಟೆ ಹೊಡೆದು ಊಟ, ಗಂಟೆ ಹೊಡೆದು ಆಟ. ರಜೆಯಲ್ಲಿ ಆ ಗಂಟೆ ಕಳಚಿ ಬಿದ್ದಿತ್ತು, ಅದರ ಜೊತೆಗೆ ಹಸಿವೂ ಹೋಗಿತ್ತು.

ಇಂಥ ಮನೆಗಳಿಗೆ ನಾನು ಕೊಡುವ ಮೊದಲ ಚೀಟಿಯಲ್ಲಿ ಔಷಧಕ್ಕಿಂತ ಮೇಲೆ ಒಂದು ಸಾಲು ಇರುತ್ತದೆ: ಬೆಳಗ್ಗೆ 7ಕ್ಕೆ ಏಳಿಸುವುದು. ಮಲಗುವ ಹೊತ್ತಿನ ಬಗ್ಗೆ ಜಗಳವಾಡಬೇಡಿ ಎನ್ನುತ್ತೇನೆ. ಮಗುವನ್ನು ಹಾಸಿಗೆಗೆ ಹಾಕಬಹುದು, ನಿದ್ದೆಯನ್ನು ಹಾಕಲಾಗುವುದಿಲ್ಲ. ಎಬ್ಬಿಸುವುದು ಮಾತ್ರ ನಮ್ಮ ಕೈಯಲ್ಲಿದೆ. ಎದ್ದು ಅರ್ಧ ಗಂಟೆ ಹೊರಗಿನ ಬೆಳಕಿಗೆ ಬಿದ್ದರೆ ಮೈಯೊಳಗಿನ ಗಡಿಯಾರ ಮತ್ತೆ ಸರಿಹೋಗುತ್ತದೆ, ಮೂರು ನಾಲ್ಕು ದಿನದಲ್ಲಿ ರಾತ್ರಿ ತಾನೇ ತೂಕಡಿಕೆ ಬರುತ್ತದೆ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು, ಹದಿಹರೆಯದವರಿಗೆ 8ರಿಂದ 10. ಏಳಕ್ಕೆ ಏಳಬೇಕಾದರೆ ಹತ್ತಕ್ಕೆ ದೀಪ ಆರಲೇಬೇಕು. ಹೈಸ್ಕೂಲಿನವರಿಗೆ ಸ್ವಲ್ಪ ಸಡಿಲ ಬಿಡಿ. ಆ ವಯಸ್ಸಿನಲ್ಲಿ ನಿದ್ದೆ ತಡವಾಗಿ ಬರುವುದು ಸೋಮಾರಿತನವಲ್ಲ, ದೇಹದ ಬದಲಾವಣೆಯೇ ಹಾಗೆ.

"ಎಬ್ಬಿಸಿದ್ರೆ ಏಳ್ತಾರಾ ಮೇಡಂ?" ಎಂಬ ಪ್ರಶ್ನೆ ತಕ್ಷಣ ಬರುತ್ತದೆ. ಸುಮ್ಮನೆ ಏಳು ಅಂದರೆ ಯಾರೂ ಏಳುವುದಿಲ್ಲ, ನಾನೂ ಏಳುವುದಿಲ್ಲ. ಎದ್ದೇಳಲು ಒಂದು ಕಾರಣ ಬೇಕು. ರಜೆಯ ಇಡೀ ಗುಟ್ಟು ಇರುವುದು ಅಲ್ಲೇ ಎಂದು ನನಗೆ ಗೊತ್ತಾಗಿದ್ದು ಓದಿನಿಂದಲ್ಲ, ಸೋತು.

ನನ್ನ ಮಗ ಮೂರನೇ ಕ್ಲಾಸು, ಮಗಳು ಆರನೇ ಕ್ಲಾಸು ಮುಗಿಸಿದ ವರ್ಷ ನಾನೂ ಒಂದು ಟೈಮ್ ಟೇಬಲ್ ಮಾಡಿದ್ದೆ. ನಾಲ್ಕು ಬಣ್ಣದ ಸ್ಕೆಚ್ ಪೆನ್ನು, ದಪ್ಪ ಡ್ರಾಯಿಂಗ್ ಶೀಟು. 7ರಿಂದ 8 ಯೋಗ, 9ರಿಂದ 10 ಕನ್ನಡ ಓದು, 10ರಿಂದ 11 'ಸೃಜನಶೀಲ ಚಟುವಟಿಕೆ'. ಫ್ರಿಜ್ಜಿಗೆ ಅಂಟಿಸಿ ಕ್ಲಿನಿಕ್ಕಿಗೆ ಹೊರಟೆ. ಮೂರನೇ ದಿನ ಮನೆಗೆ ಬಂದರೆ ಫ್ರಿಜ್ಜಿನ ಮೇಲೆ ಟೈಮ್ ಟೇಬಲ್ ಇಲ್ಲ. ಹಾಲಿನಲ್ಲಿ ಬೋರಲಾಗಿ ಬಿದ್ದಿದೆ, ಹಿಂಬದಿಯಲ್ಲಿ ಐದು ಐದರ ಚೌಕಾಬಾರದ ಮನೆ. ನಮ್ಮ ಅತ್ತೆ ಹುಣಸೆ ಬೀಜ ಕೊಟ್ಟಿದ್ದರು. ನಾಲ್ಕು ಬೀಜದ ಒಂದು ಮಗ್ಗುಲನ್ನು ಬೆಳ್ಳಗಾಗುವ ತನಕ ಬಚ್ಚಲ ಕಲ್ಲಿಗೆ ಉಜ್ಜಬೇಕು. ಉಜ್ಜಿದರೆ ಬೀಜ ಕಾದು ಚುರುಗುಟ್ಟುತ್ತದೆ ಎನ್ನುವುದನ್ನು ಮಗ ಕಂಡುಹಿಡಿದು ಅಕ್ಕನ ತೋಳಿಗೆ ಒತ್ತಿ, ಅದಕ್ಕೊಂದು ರಂಪ. ಆಮೇಲೆ ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಪ್ಪು ಬಿದ್ದರೆ ಎಂಟು. ನನ್ನ 'ಸೃಜನಶೀಲ ಚಟುವಟಿಕೆ'ಯ ಕೆಳಗೆ ಅತ್ತೆ ಕಾಲು ಚಾಚಿ ಕೂತು ಮೊಮ್ಮಗನ ಕಾಯಿ ಕಡಿಯುತ್ತಿದ್ದರು.

ಅದೇ ಬೇಸಿಗೆ ಅತ್ತೆ ಸಬ್ಬಕ್ಕಿ ಸಂಡಿಗೆ ಹಾಕಿದರು. ರಾತ್ರಿ ನೆನೆಸಿ, ನಸುಕಿಗೆ ಎದ್ದು ಉಪ್ಪು, ಹಸಿಮೆಣಸಿನಕಾಯಿ, ಜೀರಿಗೆ ಹಾಕಿ ಗಂಜಿ ಕಾಯಿಸಿ, ಬಿಸಿಲೇರುವ ಮುಂಚೆ ತಾರಸಿಯಲ್ಲಿ ಇಟ್ಟು ಮುಗಿಸಬೇಕು. ಅವರಿಗೆ ಮಂಡಿನೋವು, ಬಗ್ಗಿ ಇಡಲು ಆಗುವುದಿಲ್ಲ. "ನಾಳೆ ಆರೂವರೆಗೆ ಏಳದಿದ್ರೆ ನನ್ನ ಗಂಜಿ ಹಾಳಾಗತ್ತೆ, ನೋಡ್ಕೊಳ್ರಪ್ಪ" ಎಂದಷ್ಟೇ ಹೇಳಿ ಮಲಗಿದರು. ಹತ್ತು ಗಂಟೆಗೂ ಏಳದ ಮಕ್ಕಳು ಆರೂವರೆಗೆ ಚಮಚ ಹಿಡಿದು ತಾರಸಿಯಲ್ಲಿದ್ದರು. ಮಗಳದು ದುಂಡಗೆ, ಮಗನದು ಕರ್ನಾಟಕದ ನಕ್ಷೆಯಂತೆ. ಆಮೇಲೆ ಕಾಗೆ ಕಾಯುವ ಕೆಲಸ, ನೀರಿನ ಟ್ಯಾಂಕಿನ ನೆರಳಲ್ಲಿ ಕೂತು. ಕಾಗೆಗಿಂತ ಹೆಚ್ಚು ತಿಂದವರು ಕಾವಲಿನವರೇ. ಸಾಯಂಕಾಲದ ಅರೆಒಣಗಿದ ಸಂಡಿಗೆಯ ರುಚಿ ಕರಿದದ್ದಕ್ಕಿಲ್ಲ, ಬಿಡಿ.

ನಾನು ಗಮನಿಸಿದ್ದು ಇಷ್ಟು. ಮಕ್ಕಳಿಗೆ ನಾವು ಕೊಡುವ ಬಹಳಷ್ಟು ಕೆಲಸ ಸುಳ್ಳು ಕೆಲಸ, ಹೊತ್ತು ಹೋಗಲಿ ಅಂತ ಕೊಟ್ಟಿದ್ದು. ಅದು ಅವರಿಗೆ ಗೊತ್ತಾಗಿಬಿಡುತ್ತದೆ. ತಾನು ಮಾಡದಿದ್ದರೆ ಮನೆಯಲ್ಲಿ ಏನೋ ನಿಲ್ಲುತ್ತದೆ ಎನ್ನುವಂಥ ಕೆಲಸ ಕೊಟ್ಟು ನೋಡಿ. ಐದು ವರ್ಷದ್ದು ಬೆಳ್ಳುಳ್ಳಿ ಬಿಡಿಸುತ್ತದೆ. ಎಂಟು ವರ್ಷದ್ದು ನೀರಿನ ಬಾಟಲಿಗಳಿಗೆ ಜವಾಬ್ದಾರ: ಫ್ರಿಜ್ಜಿನಲ್ಲಿ ತಣ್ಣೀರಿಲ್ಲದಿದ್ದರೆ ಅಪ್ಪನೂ ಅವನನ್ನೇ ಕೇಳಬೇಕು. ಹನ್ನೊಂದರ ಹುಡುಗ ನಮ್ಮೂರಿನವನಾದರೆ ಮಂಡಕ್ಕಿ ಒಗ್ಗರಣೆ ಕಲಿಯಲಿ. ಮೊದಲ ಸಲ ಮಂಡಕ್ಕಿಯನ್ನು ನೀರಲ್ಲೇ ಬಿಟ್ಟು ಮುದ್ದೆ ಮಾಡುತ್ತಾನೆ. ಆ ಮುದ್ದೆಯನ್ನು ಎಲ್ಲರೂ ತಿನ್ನಬೇಕು. ಎರಡನೇ ಸಲ ಅದ್ದಿದ ಕೂಡಲೇ ಹಿಂಡುತ್ತಾನೆ, ಮೇಲೆ ಪುಟಾಣಿ ಪುಡಿ ಉದುರಿಸುವಾಗ ಅವನ ಮುಖ ನೋಡಬೇಕು. ಹುಡುಗ ಅಂತ ಬರೆದದ್ದು ಬೇಕೆಂದೇ. ರಜೆ ಬಂದ ಕೂಡಲೇ ಹುಡುಗಿಯ ಕೈಗೆ ಪೊರಕೆ, ಹುಡುಗನ ಕೈಗೆ ರಿಮೋಟು ಕೊಡುವ ಮನೆಗಳು ಇನ್ನೂ ಬೇಕಾದಷ್ಟಿವೆ.

ಕೆಲಸ ಮುಗಿದ ಮೇಲೆ ಬರುತ್ತದೆ 'ಬೋರು'. ಅದಕ್ಕೆ ಮದ್ದು ಹುಡುಕಬೇಡಿ. ಮಗು ನೆಲದ ಮೇಲೆ ಹೊರಳುತ್ತದೆ, ಮೂರು ಸಲ ಫ್ರಿಜ್ಜು ತೆಗೆದು ಮುಚ್ಚುತ್ತದೆ, ತಂಗಿಯ ಜಡೆ ಎಳೆಯುತ್ತದೆ. ಈ ಹಂತದಲ್ಲೇ ನಾವು ಸೋತು ಮೊಬೈಲು ಕೊಡುವುದು. ಇನ್ನೊಂದಿಷ್ಟು ಹೊತ್ತು ತಡೆದುಕೊಂಡರೆ ಹೊರಳಾಟ ತಾನೇ ಒಂದು ಆಟವಾಗಿ ತಿರುಗುತ್ತದೆ. ಕೆಟ್ಟುಹೋದ ಟೇಬಲ್ ಫ್ಯಾನು, ಹಳೇ ಸೀರೆ, ರಟ್ಟಿನ ಡಬ್ಬ, ಒಂದು ಸ್ಕ್ರೂಡ್ರೈವರು ಮನೆಯಲ್ಲಿರಲಿ. ಮನೆ ಕಸವಾಗುತ್ತದೆ, ಆಗಲಿ.

ಇಷ್ಟೆಲ್ಲ ಹೇಳುವುದು ಸುಲಭ. ಮನೆಯಲ್ಲಿ ಅತ್ತೆ ಇದ್ದವಳು ಹೇಳುತ್ತಿದ್ದೇನೆ ಎನ್ನುವುದೂ ನನಗೆ ಗೊತ್ತು. ಗಂಡ ಹೆಂಡತಿ ಇಬ್ಬರೂ ಎಂಟಕ್ಕೆ ಮನೆ ಬಿಡುವವರು ಏನು ಮಾಡಬೇಕು? ಬೇಸಿಗೆ ಶಿಬಿರಕ್ಕೆ ಹಾಕಿದವರು ನನ್ನೆದುರು ತಪ್ಪು ಮಾಡಿದವರಂತೆ ಮಾತಾಡುತ್ತಾರೆ. ಬೇಡ. ಮಗುವನ್ನು ನೋಡಿಕೊಳ್ಳುವವರು ಬೇಕು, ಅದಕ್ಕೆ ಹಾಕಿದ್ದೀರಿ, ಅದು ನ್ಯಾಯವೇ. ಶಿಬಿರ ಆರಿಸುವಾಗ ಎಷ್ಟು ವಿದ್ಯೆ ಕಲಿಸುತ್ತಾರೆ ಎನ್ನುವುದಕ್ಕಿಂತ ಮಕ್ಕಳು ಎಷ್ಟು ಹೊತ್ತು ಮೈ ಬೆವರುವಂತೆ ಆಡುತ್ತಾರೆ ಎಂದು ಕೇಳಿ. ಮೈಸೂರಿನವರಿಗೆ ರಂಗಾಯಣದ ಚಿಣ್ಣರ ಮೇಳವಿದೆ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ವಿಚಾರಿಸಿ. 2020ರ ನವೆಂಬರ್‌ನಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ. ಇನ್ನು ಅಪ್ಪಂದಿರಿಗೆ ಒಂದೇ ಮಾತು: ಸಂಜೆ ಬಂದು "ಇಡೀ ದಿನ ಮನೇಲಿದ್ದು ಏನ್ ಮಾಡ್ದೆ?" ಎಂದು ಕೇಳುವ ಬದಲು ಆರರಿಂದ ಏಳರ ತನಕ ಮಕ್ಕಳನ್ನು ಕರೆದುಕೊಂಡು ಆಚೆ ಹೋಗಿ. ಅಮ್ಮನಿಗೆ ಒಂದು ಗಂಟೆ ಸಿಕ್ಕರೆ ರಾತ್ರಿಯ ಅರ್ಧ ಜಗಳ ಕಡಿಮೆ.

ಮೊಬೈಲಿನ ಬಗ್ಗೆ ಹೇಳದೆ ಅಂಕಣ ಮುಗಿಸಿದರೆ ಬೈಸಿಕೊಳ್ಳುತ್ತೇನೆ. ಭಾರತೀಯ ಮಕ್ಕಳ ತಜ್ಞರ ಸಂಘ 2021ರಲ್ಲಿ ಹೇಳಿದ್ದು ಹೀಗೆ: ಎರಡು ವರ್ಷದೊಳಗೆ ಪರದೆಯೇ ಬೇಡ, 2ರಿಂದ 5ರ ತನಕ ದಿನಕ್ಕೆ ಒಂದು ಗಂಟೆ ಮೀರಬಾರದು, 5ರಿಂದ 10ರವರಿಗೆ ಎರಡು ಗಂಟೆಯೊಳಗೆ. ನಾನು ಗಡಿಯಾರಕ್ಕಿಂತ, ಪರದೆ ಯಾವುದನ್ನು ನುಂಗುತ್ತಿದೆ ಎಂದು ನೋಡುತ್ತೇನೆ. ನಿದ್ದೆ, ಊಟ, ಓಡಾಟ ಮೂರೂ ಸರಿಯಿದ್ದರೆ ಮನೆಯವರೆಲ್ಲ ಕೂತು ಒಂದು ಸಿನಿಮಾ ನೋಡಿದ್ದಕ್ಕೆ ಯಾರೂ ಕೆಡುವುದಿಲ್ಲ. ಸಿನಿಮಾಕ್ಕೆ ಕೊನೆ ಇದೆ, ರೀಲ್ಸಿಗೆ ಇಲ್ಲ. ಆಟದ ನಡುವೆ ಕಿತ್ತುಕೊಂಡರೆ ರಂಪ ಖಂಡಿತ, "ಈ ಮ್ಯಾಚ್ ಮುಗಿದ ಮೇಲೆ ಕೊಡು" ಎಂದರೆ ಕೊಡುವ ಮಕ್ಕಳೇ ಹೆಚ್ಚು. ರಾತ್ರಿ ಒಂಬತ್ತಕ್ಕೆ ಎಲ್ಲ ಫೋನುಗಳೂ ಹಾಲಿನಲ್ಲಿ ಚಾರ್ಜಿಗೆ. ಎಲ್ಲ ಅಂದರೆ ನಿಮ್ಮದೂ.

"ನನ್ನ ಮಗ ಅಡಿಕ್ಟ್ ಆಗ್ಬಿಟ್ಟಿದಾನೆ" ಎಂದು ಮೇ ತಿಂಗಳಲ್ಲಿ ಅಳುವ ಅಮ್ಮಂದಿರಿಗೆ ಸಮಾಧಾನ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಚಟವನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದೆ ನಿಜ, ಆದರೆ ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಕಾಣಿಸಿಕೊಂಡರೆ ಮಾತ್ರ ಹಾಗೆನ್ನುವುದು. ಊಟ, ಸ್ನಾನ ಬಿಟ್ಟಿದ್ದರೆ, ಕಸಿದರೆ ಮೈಮೇಲೆ ಬರುತ್ತಿದ್ದರೆ, ಆಟಕ್ಕಾಗಿ ಹಣ ಕದಿಯುತ್ತಿದ್ದರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನು ಮಾಡಿ ಕನ್ನಡದಲ್ಲೇ ಮಾತಾಡಬಹುದು. ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ ಒಂದು ಕ್ಲಿನಿಕ್ ನಡೆಯುತ್ತಿದೆ.

ಮಲಬದ್ಧತೆ, ಮೊಬೈಲು ಇವೆಲ್ಲ ಸರಿಹೋಗುವಂಥವು. ಬೇಸಿಗೆಯಲ್ಲಿ ನನಗೆ ನಿದ್ದೆ ಕೆಡಿಸುವುದು ನೀರು. ರಜೆಗೆ ಅಜ್ಜಿ ಊರಿಗೆ ಹೋದ ಪೇಟೆ ಮಕ್ಕಳಿಗೆ ಭದ್ರಾ ಕಾಲುವೆಯ ಸೆಳೆತ ಗೊತ್ತಿರುವುದಿಲ್ಲ. ಮೇಲೆ ಸುಮ್ಮನೆ ಕಾಣುತ್ತದೆ, ಒಳಗೆ ಕಾಲು ಎಳೆಯುತ್ತದೆ. ಹೊಲದ ಕೃಷಿ ಹೊಂಡ ಇನ್ನೂ ಮೋಸ. ನೀರು ಇಂಗದಿರಲೆಂದು ಒಳಗೆಲ್ಲ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಒದ್ದೆಯಾಗಿ ಪಾಚಿ ಕಟ್ಟಿದರೆ ಇಳಿಜಾರಿನಲ್ಲಿ ಕೈಗೆ ಹಿಡಿತವೇ ಸಿಗದು, ಈಜು ಬಂದವರೂ ಹತ್ತಲಾರರು. ಊರಿಗೆ ಕಳಿಸುವ ಮುಂಚೆ ಫೋನು ಮಾಡಿ, ಮನೆಯ ಹತ್ತಿರ ಎಲ್ಲೆಲ್ಲಿ ನೀರಿದೆ, ಬೇಲಿ ಇದೆಯೇ ಎಂದು ಕೇಳಿ. ಹೊಂಡ ನಿಮ್ಮದೇ ಆದರೆ ನಾಲ್ಕೂ ಕಡೆ ಗಂಟು ಹಾಕಿದ ಹಗ್ಗ ಇಳಿಬಿಡಿ. ಮಕ್ಕಳಿಗೆ ಒಂದು ಮಾತು ಬಾಯಿಪಾಠ ಮಾಡಿಸಿ: ಯಾರಾದರೂ ಬಿದ್ದರೆ ಹಾರಬಾರದು, ಕೂಗಬೇಕು, ಹಗ್ಗವೋ ಗಳವೋ ಖಾಲಿ ಕೊಡವೋ ಕೈಗೆ ಸಿಕ್ಕಿದ್ದನ್ನು ಚಾಚಬೇಕು, ಎಸೆಯಬೇಕು. ಒಬ್ಬನನ್ನು ಉಳಿಸಲು ಹೋಗಿ ಮೂವರು ಹೋದ ಸುದ್ದಿ ಪ್ರತಿ ಬೇಸಿಗೆ ಓದುತ್ತೇವೆ. ಮೇಲೆತ್ತಿದ ಮಗುವನ್ನು ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ಬೇಡವೇ ಬೇಡ. ಉಸಿರಿಲ್ಲದಿದ್ದರೆ ಆ ಕ್ಷಣವೇ ಬಾಯಿಗೆ ಬಾಯಿಟ್ಟು ಉಸಿರು ಕೊಡಲು, ಎದೆ ಒತ್ತಲು ಶುರುಮಾಡಿ, ಇನ್ನೊಬ್ಬರು 108ಕ್ಕೆ ಫೋನು ಮಾಡಲಿ.

ಬಿಸಿಲಿನ ವಿಷಯ ಎಲ್ಲರಿಗೂ ಗೊತ್ತು, ಹನ್ನೊಂದರಿಂದ ನಾಲ್ಕರ ತನಕ ಒಳಗಿರಲಿ. ನೀರು ಸಾಕಾಗಿದೆಯೇ ಎಂದು ಲೋಟ ಎಣಿಸುವ ಬದಲು ಮೂತ್ರದ ಬಣ್ಣ ನೋಡಲು ಮಗುವಿಗೇ ಕಲಿಸಿ. ತಿಳಿಯಾಗಿದ್ದರೆ ಸರಿ, ಗಾಢ ಹಳದಿಯಾದರೆ ಎರಡು ಲೋಟ ಮಜ್ಜಿಗೆ.

ಮೇ 18ರ ಹೊತ್ತಿಗೆ ಈ ಅಂಕಣವನ್ನು ಇನ್ನೊಮ್ಮೆ ತೆಗೆಯಿರಿ. ಆಗಲೂ ಮಕ್ಕಳು ತಡವಾಗಿ ಏಳುತ್ತಿದ್ದರೆ ಅಂದಿನಿಂದ ದಿನಕ್ಕೆ ಕಾಲು ಗಂಟೆ ಮುಂಚೆ ಎಬ್ಬಿಸುತ್ತಾ ಬನ್ನಿ, 29ರ ಹೊತ್ತಿಗೆ ಶಾಲೆಯ ಸಮಯಕ್ಕೆ ಬರುತ್ತಾರೆ. ಅದೇ ದಿನ ಶೂ ಕೂಡ ಒಮ್ಮೆ ಹಾಕಿಸಿ ನೋಡಿ. ಬರಿಗಾಲಲ್ಲಿ ತಾರಸಿ ಸುತ್ತಿದ ಪಾದ ಒಂದೂವರೆ ತಿಂಗಳಲ್ಲಿ ಎಷ್ಟು ಬೆಳೆದಿರುತ್ತದೆ ಎನ್ನುವುದು ನನಗೆ ಗೊತ್ತಾಗಿದ್ದು 28ರ ರಾತ್ರಿ ಎಂಟೂವರೆಗೆ, ಶಟರ್ ಎಳೆಯುತ್ತಿದ್ದ ಶೂ ಅಂಗಡಿಯ ಮುಂದೆ.