ಬಾಡುವ ಮುನ್ನ ಬಣ್ಣ: ಪಾರ್ಕಿನ್ಸನ್, ಬೌವರ್ ಕರಡುಗಳನ್ನು ಓದುವ ಬಗೆ

ಒತ್ತಿ ಒಣಗಿಸಿದ ಗಿಡದಲ್ಲಿ ಎಲೆಯ ಅಂಚು, ನರ, ಕಾಯಿಯ ಆಕಾರ ಶತಮಾನಗಟ್ಟಲೆ ಉಳಿಯುತ್ತವೆ. ಹೂವಿನ ಬಣ್ಣ ಮಾತ್ರ ಬೇಗನೆ ಕಂದಿಹೋಗುತ್ತದೆ. ಅನ್ವೇಷಣೆಯ ಹಡಗುಗಳಲ್ಲಿ ಚಿತ್ರಕಾರರೂ ಇರುತ್ತಿದ್ದುದಕ್ಕೆ ಇದೊಂದು ದೊಡ್ಡ ಕಾರಣ. ಹಾಗಾಗಿ ಕರಡುಚಿತ್ರ ಕೈಗೆ ಬಂದೊಡನೆ ಬಣ್ಣವನ್ನು ಯಾವ ರೀತಿ ದಾಖಲಿಸಿದ್ದಾರೆ ಎಂದು ನೋಡಿ.

ಕ್ಯಾಪ್ಟನ್ ಕುಕ್‌ನ ಎಂಡೆವರ್ ಹಡಗಿನ (1768–71) ಚಿತ್ರಕಾರ ಸಿಡ್ನಿ ಪಾರ್ಕಿನ್ಸನ್‌ಗೆ ಪುರುಸೊತ್ತೇ ಇರಲಿಲ್ಲ. 1770ರಲ್ಲಿ ಆಸ್ಟ್ರೇಲಿಯಾದ ಬಾಟನಿ ಬೇಯಲ್ಲಿ ಹಡಗಿನ ಸಸ್ಯಶಾಸ್ತ್ರಜ್ಞರಾದ ಬ್ಯಾಂಕ್ಸ್, ಸೊಲಾಂಡರ್ ಕೂಡಿಹಾಕಿದ ಗಿಡಗಳನ್ನು ಒದ್ದೆಬಟ್ಟೆ ಸುತ್ತಿ ತಗಡಿನ ಪೆಟ್ಟಿಗೆಯಲ್ಲಿ ಹಸಿಯಾಗಿಟ್ಟಿದ್ದರು. 14 ದಿನಗಳಲ್ಲಿ ಅವನು ಬರೆದದ್ದು 94 ಕರಡು, ಅಂದರೆ ದಿನಕ್ಕೆ ಆರೇಳು! ಇಡೀ ಗಿಡಕ್ಕೆ ಪೆನ್ಸಿಲ್ ರೇಖೆ, ಒಂದೆರಡು ಎಲೆ-ಹೂವಿಗಷ್ಟೇ ಬಣ್ಣ, ಹಾಳೆಯ ಬೆನ್ನಿಗೆ ಬಣ್ಣದ ಟಿಪ್ಪಣಿ. ತೊಡಕಿರುವುದು ಮಾತಿನಲ್ಲಿ. ‘ಮಸುಕು ಹಸಿರು’ ಎಂದರೆ ಒಬ್ಬೊಬ್ಬರ ಕಣ್ಣಿಗೆ ಒಂದೊಂದು. ಪಾರ್ಕಿನ್ಸನ್ 1771ರ ಜನವರಿಯಲ್ಲಿ ಹಡಗಿನಲ್ಲೇ ತೀರಿಕೊಂಡ. ಅನೇಕ ಚಿತ್ರಗಳನ್ನು ಇಂಗ್ಲೆಂಡಿನಲ್ಲಿ ಬೇರೆ ಕಲಾವಿದರು ಮುಗಿಸಿದರು. ಬಣ್ಣದ ವಿಷಯದಲ್ಲಿ ಕರಡೇ ಮೂಲ ಸಾಕ್ಷಿ, ಮುಗಿದ ಚಿತ್ರವಲ್ಲ.

ಮುಂದೆ ಬಂದ ಸಸ್ಯಚಿತ್ರಕಾರ ಫರ್ಡಿನಾಂಡ್ ಬೌವರ್ ಮಾತನ್ನೇ ಬಿಟ್ಟು ಅಂಕಿ ಹಿಡಿದ. ಇನ್ವೆಸ್ಟಿಗೇಟರ್ ಹಡಗಿನಲ್ಲಿ (1801–03) ಆಸ್ಟ್ರೇಲಿಯಾ ಸುತ್ತುವಾಗ ದಳ, ಕೇಸರ, ಎಲೆ, ತೊಟ್ಟು ಹೀಗೆ ಭಾಗಭಾಗಕ್ಕೂ ಪೆನ್ಸಿಲ್‌ನಲ್ಲಿ ಒಂದು ಸಂಖ್ಯೆ ಬರೆದ. ಸಂಖ್ಯೆಗಳು ಸಾವಿರದ ಹತ್ತಿರಕ್ಕೆ ಹೋಗುತ್ತವೆ. ಬಣ್ಣ ತುಂಬಿದ್ದು ವರ್ಷಗಳ ನಂತರ. ಸಸ್ಯಚಿತ್ರಣದಲ್ಲಿ ಇದಕ್ಕಿಂತ ಜಾಣ ಪದ್ಧತಿ ಸಿಗುವುದು ಕಷ್ಟ. ಆದರೆ ಆ ಸಂಖ್ಯೆಗಳ ಬಣ್ಣಪಟ್ಟಿಯೇ ಈಗ ಇಲ್ಲ. ಮ್ಯಾಡ್ರಿಡ್‌ನಲ್ಲಿ ಸಿಕ್ಕಿರುವ 140 ಬಣ್ಣಗಳ ಪಟ್ಟಿ ಅವನ ಹಿಂದಿನ ಪದ್ಧತಿಗೆ ಸೇರಿದ್ದು.

ಆದ್ದರಿಂದ ಸಂಖ್ಯೆ ಬಿಡಿಸಲು ಹಿಮ್ಮುಖವಾಗಿ ಹೋಗಬೇಕು. ವಿಯೆನ್ನಾದಲ್ಲಿರುವ ಬೌವರ್‌ನ ಕರಡು, ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿರುವ ಅದೇ ಗಿಡದ ಜಲವರ್ಣ, ಎರಡರ ಪ್ರತಿಗಳನ್ನೂ ಪಕ್ಕಪಕ್ಕ ಇಡಿ. ಒಂದು ಸಂಖ್ಯೆ ಬಿದ್ದ ಜಾಗದ ಬಣ್ಣ ಗುರುತಿಸಿ, ಅದೇ ಸಂಖ್ಯೆಯನ್ನು ಕನಿಷ್ಠ ಮೂರು ಗಿಡಗಳಲ್ಲಿ ಹುಡುಕಿ. ನೆರಳಿನ ಭಾಗವನ್ನೂ ಹೊಳಪಿಗೆ ಕಾಗದ ಬಿಟ್ಟ ಭಾಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಲೇಪ ತೆಳುವಾದರೆ ಒಂದೇ ಬಣ್ಣ ಎರಡಾಗಿ ಕಾಣುತ್ತದೆ.

ಹಸಿರಿನಿಂದ ಮಾತ್ರ ಶುರುಮಾಡಬೇಡಿ. ಜಲವರ್ಣದ ಹಸಿರು ಹಲವು ಸಲ ನೀಲಿಗೆ ಹಳದಿ ಬೆರೆಸಿದ್ದು. ಬೆಳಕು ತಾಗಿ ಹಳದಿ ಮೊದಲು ಹಾರಿಹೋದರೆ ಎಲೆ ನೀಲಿಗೆ ತಿರುಗಿರುತ್ತದೆ. ಆಗ ಸಂಖ್ಯೆ ಸರಿಯಿದ್ದರೂ ನೀವು ಓದುವ ಬಣ್ಣ ತಪ್ಪಾಗುತ್ತದೆ.